ಬೆಳ್ಳಿ ಟೀ ಪಾಟಿನ ಮುಂದೆ ಆಡಿದ ಮಾತು

"ಈ ಪಾಟಿಗೆ ಮಾಟ ಮಾಡ್ಸಿದ್ದಾರೆ ಮಾರಾಯ. ಹನ್ನೊಂದು ವರ್ಷದಿಂದ ನಾನೇ ಸಿಕ್ಕಾಕ್ಕೊಂಡಿದೀನಿ," ಎಂದರು ಸಾವಿತ್ರಮ್ಮ, ಸಕ್ಕರೆ ಎಷ್ಟು ಹಾಕಲಿ ಎಂದು ಕೇಳುವ ದನಿಯಲ್ಲಿ.

ರುದ್ರೇಶನಿಗೆ ನಗು ಬಂತು. ಚಿಕ್ಕಮಗಳೂರಿನಲ್ಲಿ ಅವನದು ಬೆಳ್ಳಿ ಅಂಗಡಿ. ಮಲ್ಲಂದೂರಿನ ಈ ಪಾಳು ಬಂಗಲೆಯನ್ನು ಹೊಸದಾಗಿ ಕೊಂಡವರು, ಒಳಗಿನ ಬೆಳ್ಳಿ ನೋಡಿಕೊಂಡು ಬಾ ಎಂದು ಕಳಿಸಿದ್ದರು. ಬಂದರೆ ವಸ್ತಾರೆಯ ಈ ಟೀಚರಮ್ಮ ಒಬ್ಬರೇ ಕೂತು ಟೀ ಬಗ್ಗಿಸುತ್ತಿದ್ದಾರೆ.

ಬಳ್ಳಿ ಕೆತ್ತಿದ ಪಾಟು. ಪಕ್ಕದಲ್ಲಿ ಟೀಪುಡಿ ಇಡುವ ಬೀಗದ ಬೆಳ್ಳಿ ಡಬ್ಬಿ. ಬೀಗ ಹಾಕಿರಲಿಲ್ಲ, ಮುಚ್ಚಳ ತೆಗೆದ. ಸುಟ್ಟ ಕೂದಲಿನ ವಾಸನೆ. ಪುಡಿಯೊಳಗೆ ಒಂದು ತಾಮ್ರದ ತಗಡು, ಅದಕ್ಕೆ ಬಿಗಿಯಾಗಿ ಸುತ್ತಿದ ಹೆಂಗಸಿನ ಕೂದಲು.

"ಇಲ್ಲಿ ಅಡುಗೆಗೆ ದ್ಯಾವಮ್ಮ ಅಂತ ಇದ್ಲಂತೆ. ಬರ್ತೀನಿ ಅಂತ ಹೇಳಿ ಹಡಗು ಹತ್ತಿದ ತೋಟದ ಬಿಳಿ ದೊರೆ ಬರ್ಲೇ ಇಲ್ಲ. ಆಗ ಮಾಡ್ಸಿದ್ದು. ಇದರಲ್ಲಿ ಕುಡಿದು, ಏಳೋವಾಗ ಬರ್ತೀನಿ ಅಂದೋರು ಮಾರನೇ ದಿನ ನಾಲ್ಕಕ್ಕೆ ಈ ಮೇಜಿಗೆ ಬರ್ಲೇಬೇಕು. ಆಮೇಲೆ ದಿನಾ. ಇನ್ನೊಬ್ರು ಹಂಗೇ ಅನ್ನೋ ತನಕ."

"ಬಾವಿಗೆ ಎಸೀಬೇಕಿತ್ತು."

"ಎರಡು ಸಲ ಎಸ್ದೆ. ಮಾರನೇ ದಿನ ಮೇಜಿನ ಮೇಲೇ ಇತ್ತು, ಬಿಸಿಬಿಸಿ." ಅವರು ಕಿಟಕಿಯತ್ತ ತಿರುಗಿದರು. "ಮಗಳ ಮದುವೆ ಶಿವಮೊಗ್ಗದಲ್ಲಿ ಆಯ್ತು. ಅಷ್ಟೊತ್ತಿಗೆ ನಾನಿಲ್ಲಿ ಕೂತಿದ್ದೆ, ಎದುರಿಗೆ ಖಾಲಿ ಕುರ್ಚಿ. ನೀನು ಕುಡಿಯೋದಾದ್ರೆ ಕುಡಿ. ಏಳೋವಾಗ ಮಾತ್ರ ಹೋಗ್ತೀನಿ ಅಂತ ಬಾಯಿಬಿಟ್ಟು ಹೇಳು. ಹೇಳ್ದೆ ಇದ್ರೆ ಬಿಡಲ್ಲ."

"ಮಕ್ಕಳಿಗೆ ಇದನ್ನೇ ಪಾಠ ಮಾಡ್ತೀರಾ?" ಎಂದು ನಗುತ್ತ ಗಟಗಟ ಕುಡಿದ. ಒಗರು. ನಾಲಿಗೆಯ ಮೇಲೆ ಎಳೆಯೊಂದು ಸುಳಿದ ಹಾಗಾಯಿತು.

ಎದ್ದ. ಬಾಯಿ ತೆರೆದ.

"ಹೋಗ್..."

ಮಾತು ಅಲ್ಲೇ ನಿಂತಿತು. ಹೆಂಡತಿ ದಿವ್ಯಾ ಆಸ್ಪತ್ರೆಯಲ್ಲಿದ್ದಳು. ನಾಳೆ ನಾಲ್ಕಕ್ಕೆ ಆಪರೇಷನ್, ಮಗು ಅಡ್ಡ ತಿರುಗಿದೆ. ಹೊರಡುವಾಗ ಹೋಗ್ತೀನಿ ಅನ್ನಬಾರದು, ಅದು ಹೆಣದ ಮಾತು ಎಂದು ಅಮ್ಮ ಬಾಯಿಗೆ ಹೊಡೆದು ಕಲಿಸಿದ್ದಳು. ಇವತ್ತು, ಅದೂ ಇವತ್ತು, ಆ ಮಾತನ್ನು ಹೇಗೆ ಆಡುವುದು?

"ಬರ್ತೀನಮ್ಮಾ."

ಹಕ್ಕಿಗಳ ಸದ್ದು ನಿಂತಿತು. ಪಾಟಿನ ಮೂತಿಯಿಂದ ಉಸಿರು ಬಂತು. ಅದೇ ಸುಟ್ಟ ಕೂದಲಿನ ವಾಸನೆ. ಖಾಲಿ ಕಪ್ಪು ತಾನೇ ತುಂಬಿತು. ಅಂಚಿನವರೆಗೆ. ಕಪ್ಪಗೆ.

ಸಾವಿತ್ರಮ್ಮ ಮುಖ ಮುಚ್ಚಿಕೊಂಡರು. "ನಾನು ಹೇಳಿದ್ದೆ ಮಾರಾಯ. ಹೇಳಿದ್ದೆ ತಾನೇ?" ಚೀಲ ಎತ್ತಿಕೊಂಡರು. ಹೊಸ್ತಿಲಲ್ಲಿ ನಿಂತು, ಎಷ್ಟೋ ವರ್ಷದಿಂದ ಬಾಯಿಗೆ ಬಾರದಿದ್ದ ಮಾತನ್ನು ಮೆಲ್ಲಗೆ ಆಡಿದರು.

"ಹೋಗ್ತೀನಿ."

ತಿರುಗಿ ನೋಡಲಿಲ್ಲ.

ಅವನು ಓಡಿದ. ಬೈಕು. ತಿರುವು. ಮಂಜು. ಮಲ್ಲಂದೂರಿನ ಅಂಗಡಿ ಮುಂದಿನ ಫೋನಿಗೆ ಒಂದು ರೂಪಾಯಿ ಹಾಕಿ, ಆಸ್ಪತ್ರೆಯ ನಂಬರ್ ಒತ್ತಿ ಹೆಂಡತಿಯನ್ನು ಕರೆಸಿದ.

"ಎಲ್ಲಿದೀರಿ?" ದಿವ್ಯಾಳ ದನಿ ಸಣ್ಣಗಿತ್ತು. "ನಂಗೆ ಭಯ ಆಗ್ತಿದೆ. ನಾಳೆ ನಾಲ್ಕಕ್ಕೆ ಪಕ್ಕದಲ್ಲಿ ಇರ್ತೀರಲ್ಲ?"

ಇರ್ತೀನಿ ಎನ್ನಲು ಹೊರಟ. ಒಗರು ಗಂಟಲಿಗೆ ಏರಿತು.

"ನಾಳೆ ಆಗಲ್ಲ ದಿವ್ಯಾ," ಎಂದಿತು ಅವನದೇ ಬಾಯಿ. "ನಾಲ್ಕಕ್ಕೆ ಬಂಗ್ಲೇಲಿ ಕಾಯ್ತಿರ್ತಾರೆ. ಬರ್ತೀನಿ ಅಂದಿದೀನಿ."