ಒಂದು ಭಾಗಿಸು ನಾಲ್ಕು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಮಳವಳ್ಳಿ ಠಾಣೆಗೆ ಬಂದ ದೂರು ಕೇಳಿ ಪಿಎಸ್‌ಐ ಅರುಂಧತಿ ಪೆನ್ನು ಕೆಳಗಿಟ್ಟರು. ದೂರುದಾರ ಜಯಪ್ರಕಾಶ್, ಜಮೀನಿನ ಪತ್ರ ಬರೆಯುವವನು. ಶನಿವಾರ ಅಪ್‌ಡೇಟ್ ಆದಾಗಿನಿಂದ ಅವನ ಕಂಪ್ಯೂಟರಿನ ಕ್ಯಾಲ್ಕುಲೇಟರ್ ನೆಟ್ಟಗಿರಲಿಲ್ಲ.

“ದೆವ್ವ ಹೊಕ್ಕದೆ ಅಂತ ಜನ ಮೆಟ್ಲು ಹತ್ತಾ ಇಲ್ಲ ಮೇಡಂ. ಇಪ್ಪತ್ತು ವರ್ಸದ ಎಸ್ರು. ಹಿಂಗೇ ಆದ್ರೆ ಬಾಗ್ಲು ಹಾಕ್ಕೊಂಡು ಓಯ್ತೀನಿ ಅಷ್ಟೆ.”

ಹನ್ನೊಂದಕ್ಕೆ ಅರುಂಧತಿ, ಕಾನ್‌ಸ್ಟೇಬಲ್ ಮರಿಸಿದ್ದಯ್ಯ ಅವನ ಕಚೇರಿಯಲ್ಲಿದ್ದರು. ಟೈಪಿಸ್ಟ್ ಶೋಭಿತಾ ಪಕ್ಕದ ಮೇಜಿನಲ್ಲಿ ತಲೆ ಎತ್ತದೆ ಕೀಲಿ ಕುಟ್ಟುತ್ತಿದ್ದಳು. ಜಯಪ್ರಕಾಶ್ ಒಂದು ಭಾಗಿಸು ನಾಲ್ಕು ಒತ್ತಿದ. 0.25. ಸರಿಯಾಗಿಯೇ ಇದೆಯಲ್ಲ. ಮತ್ತೆ ಅದನ್ನೇ ಒತ್ತಿದ. 0.15. ಮೂರನೇ ಸಲ ಬರೀ ಸೊನ್ನೆ. ನಾಲ್ಕನೇ ಸಲ ಸೊನ್ನೆಯೂ ಬರಲಿಲ್ಲ, ಉತ್ತರದ ಜಾಗ ಖಾಲಿಯಾಗಿ ಬೆಳ್ಳಗೆ ನಿಂತಿತು. ಐದನೇ ಸಲಕ್ಕೆ ಮತ್ತೆ 0.25. ಬೇರೆ ಯಾವ ಲೆಕ್ಕವೂ ತಪ್ಪುತ್ತಿರಲಿಲ್ಲ.

ಪಟಪಟ ಸದ್ದು ನಿಂತಿತ್ತು. ಶೋಭಿತಾ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು. ಅರುಂಧತಿಗೆ ಒಳಗೆ ಕೂತು ಯಾರೋ ಏನನ್ನೋ ಹಂಚುತ್ತಿರುವಂತೆ ಅನ್ನಿಸಿತು.

ಮರಿಸಿದ್ದಯ್ಯ ಬೆರಳು ಮಡಚುತ್ತಿದ್ದ. “ಇದು ಹೊಲದ ಲೆಕ್ಕ ಮೇಡಂ. ಎಕ್ರೆಗೆ ನಲ್ವತ್ತು ಗುಂಟೆ. ಮೊದ್ಲ್ನೋನು ಇಪ್ಪತ್ತೈದು ಎತ್ಕೊಂಡ. ಉಳ್ದ ಅದ್ನೈದು ಎರಡ್ನೇವ್ನಿಗೆ. ಆಮೇಕ್ ಬಂದೋರ್ಗೆ ಬದೂನೂ ಇಲ್ಲ.”

“ನಾಲ್ಕು ಜನಕ್ಕೆ ಹತ್ತತ್ತು ಗುಂಟೆ ತಾನೆ?” ಅಂದರು ಅರುಂಧತಿ.

“ಮೆಸಿನ್ನಿಗೆ ಗುಂಟೆ ಗೊತ್ತಾ? ಅದು ಪಾಯಿಂಟ್ ಇಪ್ಪತ್ತೈದು ಅಂತು. ಯಾರೋ ಪುಣ್ಯಾತ್ಮ ಇಪ್ಪತ್ತೈದು ಗುಂಟೆ ಅಂತ ಬರ್ಕೊಂಡವ್ನೆ.”

ಜಯಪ್ರಕಾಶನ ಮುಖ ಇಳಿಯಿತು.

ಹನ್ನೆರಡೂ ಇಪ್ಪತ್ತಕ್ಕೆ ಪಂಚನಾಮೆ ಮುಗಿಸಿ ಕಂಪ್ಯೂಟರನ್ನು ಮಂಡ್ಯದ ಸೈಬರ್ ಪೊಲೀಸರಿಗೆ ಕಳಿಸಿದರು. ಗುರುವಾರ ವರದಿ ಬಂತು: ಅಪ್‌ಡೇಟ್ ಹೆಸರಿನಲ್ಲಿ ಯಾರೋ ತಾವೇ ಮಾಡಿದ ಕ್ಯಾಲ್ಕುಲೇಟರ್ ಕೂರಿಸಿದ್ದಾರೆ, ಶನಿವಾರ ಮಧ್ಯಾಹ್ನ 1.40ಕ್ಕೆ, ಟೈಪಿಸ್ಟ್ ಪಾಸ್‌ವರ್ಡಿನಿಂದ. ಅಷ್ಟರಲ್ಲಿ ಮರಿಸಿದ್ದಯ್ಯ ಜಯಪ್ರಕಾಶ್ ಬರೆದ ಹಳೆಯ ಪತ್ರಗಳ ನಕಲುಗಳನ್ನು ಜಾಲಾಡಿದ್ದ. 2019, ಕಿರುಗಾವಲು, ಒಂದು ಎಕರೆ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ತಲಾ ಇಪ್ಪತ್ತೈದು ಗುಂಟೆ. ಕೊನೆಯ ಹೆಸರು ಮಾಯಮ್ಮ, ಶೋಭಿತಾಳ ತಾಯಿ.

“ನೀನೇನಾ?” ಜಯಪ್ರಕಾಶನ ಎದುರಿಗೇ ಅರುಂಧತಿ ಶೋಭಿತಾಳನ್ನು ಕೇಳಿದರು.

“ನಾನೇ.”

“ಯಾಕೆ?”

“ಅವ್ವ ಕೇಳಕ್ ಬಂದ್ರೆ ಇವ್ರು ಸ್ಕ್ರೀನ್ ತಿರುಗ್ಸಿ ತೋರುಸ್ತಿದ್ರಂತೆ. ಮೆಸಿನ್ನೇ ಇಪ್ಪತ್ತೈದು ಅಂತದೆ, ನೋಡ್ಕೊ ಅಂತ. ಬರ್ದದ್ದು ತಪ್ಪು ಅಂತ ಒಂದ್ ಸೈ ಹಾಕ್ಕೊಡಿ ಅಂತ ಮೂರ್ ಸಲ ಕಾಲ್ ಹಿಡುದ್ಲು. ಇವ್ರ ಎಸ್ರು ಕೆಡ್ತದಂತೆ. ಯುಗಾದಿಲಿ ತೀರ್ಕೊಂಡ್ಲು. ಆ ಹೊಲ್ದಲ್ಲಿ ತಾತನ ಗುಡ್ಡೆ ಪಕ್ಕ ಮಣ್ ಮಾಡಕ್ ಓದ್ರೆ, ನಿಮ್ಮವ್ವನ ಭಾಗ ಎಲ್ಲದೆ ತೋರ್ಸು ಅಂದ್ರು ಮಾವಂದ್ರು. ಆಮೇಕೇ ಇಲ್ಲಿ ಕೆಲ್ಸಕ್ ಸೇರ್ದೆ.”

ಸಂಜೆ 4.10ಕ್ಕೆ ಬಂಧನ. ಎಫ್‌ಐಆರ್‌ಗೆ ಲಗತ್ತಿಸುವ ಜಪ್ತಿ ಪಟ್ಟಿಯಲ್ಲಿ ಮೊದಲು ಕಂಪ್ಯೂಟರ್, ಅದರ ಕೆಳಗೆ 2019ರ ವಿಭಾಗಪತ್ರ.

“ಆ ಪತ್ರ ಯಾಕ್ ಮೇಡಂ?” ಅಂದ ಜಯಪ್ರಕಾಶ್.

“ಕೋರ್ಟು ಕಾರಣ ಕೇಳುತ್ತೆ. ಬರೆದೋರು ನೀವೇ ತಾನೆ? ಇಲ್ಲಿ ಸೈ ಹಾಕಿ.”

ಅವನು ಶೋಭಿತಾಳ ಕಡೆ ನೋಡಿದ. ಅವಳು ಪೆನ್ನಿನ ಮುಚ್ಚಳ ತೆಗೆದು ಅವನ ಕಡೆಗೆ ಚಾಚಿದಳು.