ಬಾತುಕೋಳಿಯ ಕಪ್ಪು ಸಾರು

ಲಾದಿಸ್ಲಾವ್ ಹೆಣ್ಣು ಕೇಳಲು ಬರಲಿದ್ದ ಭಾನುವಾರ ಬ್ರೋನ್ಯಾ ತಾನೇ ಬೀಟ್‌ರೂಟ್ ಸಾರು ಮಾಡಿಟ್ಟಳು. ಮುತ್ತಾತಂದಿರು ಪೋಲೆಂಡ್ ಬಿಟ್ಟು ಬ್ರೆಜಿಲ್‌ನ ಪರಾನಾಕ್ಕೆ ಬಂದು ನೂರು ವರ್ಷ ದಾಟಿದ್ದರೂ ಈ ಮನೆಯಲ್ಲಿ ಹುಡುಗನಿಗೆ ಉತ್ತರ ಹೇಳುವುದು ಸಾರೇ. ಕೆಂಪು ಸಾರು ಬಂದರೆ ಒಪ್ಪಿಗೆ. ಬಾತುಕೋಳಿಯ ರಕ್ತ ಬೆರೆಸಿದ ಕಪ್ಪು ಸಾರು ಬಂದರೆ ಅವನು ಟೋಪಿ ಎತ್ತಿಕೊಂಡು ಹೊರಡಬೇಕು.

ಬಾಗಿಲಲ್ಲಿ ಅವನು ನಿಂತಿದ್ದ. ಬಿಳಿ ಶರ್ಟು, ಒತ್ತಿ ಬಾಚಿದ ಕೂದಲು.

"ತಲೆಗೆ ಇಷ್ಟೊಂದು ಎಣ್ಣೆ ಯಾಕೋ?"

"ನಿಮ್ಮಜ್ಜಿಗೆ ಹೆದರಿ."

"ನನಗೆ ಹೆದರಲ್ವಾ?"

ಇಂಥ ಮಾತಿಗೆಲ್ಲ ಅವನ ಕಿವಿ ಕೆಂಪಾಗುತ್ತಿತ್ತು. ಇವತ್ತು ಅವನು ಅಂಗಳದ ಕಡೆ ನೋಡಿದ.

ಅವಳು ಉಡುಪು ಬದಲಿಸುವಾಗ ಸಾರನ್ನು ಪಿಂಗಾಣಿ ಪಾತ್ರೆಗೆ ಸುರಿದಿಟ್ಟವರು ಅಜ್ಜಿ. ಬ್ರೋನ್ಯಾ ಅದನ್ನು ತಂದು ಮೇಜಿನ ಮೇಲಿಟ್ಟು, ಅವನ ಕಣ್ಣನ್ನೇ ನೋಡುತ್ತ ಮುಚ್ಚಳ ತೆಗೆದಳು.

ಕಪ್ಪು.

ಮೇಜಿನ ತುದಿಯಲ್ಲಿ ಕೂತಿದ್ದ ಬ್ರೋನ್ಯಾಳ ಅಪ್ಪ ಬೆಚ್ಚಿ ತಲೆ ಎತ್ತಿದರು. ಲಾದಿಸ್ಲಾವ್ ಬೆಚ್ಚಲಿಲ್ಲ. ಅವನ ಕೈ ಆಗಲೇ ಟೋಪಿಯ ಮೇಲಿತ್ತು.

"ಅಜ್ಜಿ, ಇದು ನಾನು ಮಾಡಿದ್ದಲ್ಲ."

"ಕೂತ್ಕೋ ಮಗಳೇ."

"ನಮ್ಮನೇಲಿ ಬಾತುಕೋಳಿ ಎಲ್ಲಿದೆ?"

ಕೇಳಿದವಳೇ ಲಾದಿಸ್ಲಾವ್‌ನತ್ತ ತಿರುಗಿದಳು. ಆ ಊರಿನಲ್ಲಿ ಬಾತುಕೋಳಿ ಇದ್ದದ್ದು ಒಂದೇ ಕೊಳದಲ್ಲಿ, ಅವನ ಮನೆಯ ಹಿಂದೆ.

"ನೀನೇ ತಂದುಕೊಟ್ಟೆಯಾ?"

"ಪಟ್ಟಣದಲ್ಲಿ ಒಬ್ಬಳಿದಾಳೆ, ಬ್ರೋನ್ಯಾ." ಅವನು ಟೋಪಿಯ ಅಂಚು ತಿರುಗಿಸಿದ. "ನಾನು ಕೈ ಬಿಟ್ಟೆ ಅಂದ್ರೆ ಊರೋರು ನಿನ್ನ ಆಡ್ಕೋತಾರೆ. ನೀನೇ ಬೇಡ ಅಂದೆ ಅಂತಾದ್ರೆ..."

"ನಿನ್ನ ಮರ್ಯಾದೆ ಉಳೀಲಿ ಅಂತ ನಾನೂ ಒಪ್ಪಿದೆ," ಅಂದರು ಅಜ್ಜಿ, ಮೇಜಿನ ಬಟ್ಟೆಯ ಕಸೂತಿ ಸವರುತ್ತ.

"ನನ್ನ ಮರ್ಯಾದೆ ಬಗ್ಗೆ ಇಬ್ರೂ ಕೂತು ಮಾತಾಡಿದ್ರಿ. ನನ್ನನ್ನ ಮಾತ್ರ ಯಾರೂ ಕೇಳ್ಲಿಲ್ಲ."

ಅವನು ಎದ್ದ. ಅವಳು ಟೋಪಿ ಕಿತ್ತುಕೊಂಡು ಗೂಟಕ್ಕೆ ಹಾಕಿದಳು.

"ಕೂತ್ಕೋ. ಹೆಣ್ಣು ಕೇಳದೇ ಇರೋನಿಗೆ ಈ ಮನೇಲಿ ಕಪ್ಪು ಸಾರು ಬಡಿಸಲ್ಲ. ಮೊದಲು ಕೇಳು."

"ಬ್ರೋನ್ಯಾ, ಬೇಡ..."

"ಎಲ್ಲರ ಮುಂದೆ ಕೇಳು."

ಅವನು ಅಪ್ಪನನ್ನು ನೋಡಿದ, ಅಜ್ಜಿಯನ್ನು ನೋಡಿದ. ಕೊನೆಗೆ ಅವಳನ್ನು.

"ನನ್ನ ಮದುವೆ ಆಗ್ತೀಯಾ?"

ಎಷ್ಟೋ ದಿನದಿಂದ ಕಾದಿದ್ದ ಮಾತು. ಬ್ರೋನ್ಯಾ ಅದನ್ನು ಒಂದು ಗಳಿಗೆ ಕಿವಿಯಲ್ಲೇ ಇಟ್ಟುಕೊಂಡಳು. ಅವನ ಕಿವಿಗಳು ಈಗ ಕೆಂಪಾಗಿದ್ದವು.

ಆಮೇಲೆ ಸೌಟು ಎತ್ತಿ, ಅಜ್ಜಿಯ ಬಿಳಿ ಬಟ್ಟೆಯ ಮೇಲೆ ಹನಿಯೂ ಬೀಳದಂತೆ, ಅವನ ತಟ್ಟೆಯ ಅಂಚಿನವರೆಗೂ ಸಾರು ಬಡಿಸಿದಳು.

"ಪೂರ್ತಿ ಕುಡಿದು ಹೋಗು," ಅಂದಳು. "ಬಾತುಕೋಳಿ ನಿಮ್ಮದೇ."