ನನ್ನ ರಕ್ತ ಅವ್ವಗ ಕೊಡ್ರಿ

ಸೂಜಿ ಕಂಡದ್ದೇ ತಡ, ಆರಡಿ ಎತ್ತರದ ಪೈಲ್ವಾನ್ ಸುರಜ ಕಣ್ಣು ಮುಚ್ಚಿಕೊಂಡ!

ಪ್ರಾಜಕ್ತಾಳಿಗೆ ನಗು ತಡೆಯಲಾಗಲಿಲ್ಲ. "ಎದುರಾಳಿನ್ನ ಎತ್ತಿ ಒಗಿಯೋರು ನೀವು... ಇಷ್ಟಕ್ಕ ಹೆದರ್ತೀರೇನ್ರಿ?"

"ಎದುರಾಳಿ ಚುಚ್ಚಂಗಿಲ್ಲಲ್ರೀ ಮೇಡಮ್!"

2015ರ ಮಾತು. ಚಿಕ್ಕೋಡಿಯ ಪ್ರಾಜಕ್ತಾ ಸಂಶೋಧನೆ ಮಾಡುತ್ತಿದ್ದ ಹುಡುಗಿ. ನಿಪ್ಪಾಣಿಯ ತಾಲೀಮಿಗೆ, ಅಂದರೆ ಕುಸ್ತಿಯ ಗರಡಿಮನೆಗೆ ಬಂದು, ಪೈಲ್ವಾನರು ಸಾಮು ಮಾಡುವ ಮೊದಲೊಮ್ಮೆ, ಬೆವರಿಳಿದ ಮೇಲೊಮ್ಮೆ ಅವರ ರಕ್ತ ತೆಗೆದುಕೊಳ್ಳುತ್ತಿದ್ದಳು. ಕುಸ್ತಿಯ ಮಣ್ಣಿಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಹೊರಗಿನ ಕಟ್ಟೆಯೇ ಅವಳ ಜಾಗ.

ಬರುಬರುತ್ತ ಸುರಜ ರಕ್ತ ಕೊಟ್ಟ ಮೇಲೂ ಆ ಕಟ್ಟೆ ಬಿಟ್ಟು ಏಳದಾದ. ಅವನು ಬರುವುದು ಸ್ವಲ್ಪ ತಡವಾದರೂ ಇವಳಿಗೆ ಚಡಪಡಿಕೆ. ಪಾಪ, ಮನಸ್ಸು ಆಗಲೇ ಕೈತಪ್ಪಿತ್ತು!

"ಈ ರಕ್ತದಾಗ ಏನ್ ಹುಡುಕ್ತೀರಿ?" ಒಂದು ಸಂಜೆ ಅವನು ಕೇಳಿದ.

ಅವಳಿಗೆ ಅಷ್ಟೇ ಸಾಕಿತ್ತು. "ಮೈ ದುಡಿದಾಗ ಸ್ನಾಯುಗಳು ಒಂಥರಾ ಪ್ರೋಟೀನ್ ರಕ್ತಕ್ಕ ಬಿಡ್ತಾವ್ರಿ. ಅವು ಸಕ್ಕರೆ, ಕೊಬ್ಬು ಹತೋಟಿಯೊಳಗ ಇಡಾಕ ನೆರವಾಗ್ತಾವ. ರೋಗದ ಜೋಡಿ ಹೊಡೆದಾಡೋ ಜೀವಕೋಶಗಳನ್ನ ಎಬ್ಬಸ್ತಾವ. ಲ್ಯಾಬಿನೊಳಗ ಕ್ಯಾನ್ಸರ್ ಜೀವಕೋಶಗಳ ಮ್ಯಾಲ ಇಂಥ ರಕ್ತದ ತಿಳಿನೀರು ಹಾಕಿದಾಗ, ಅವು ಬೆಳಿಯೋದು ಸಾವಕಾಶ ಆಗೇತಿ!"

ಸುರಜನ ಮುಖ ಅರಳಿತು.

ಮರುದಿನದಿಂದ ಕೈಕಾಲು ನಡುಗುವವರೆಗೆ ಎದ್ದು ಕೂತು ಬೈಠಕ್ ಹೊಡೆಯತೊಡಗಿದ. ಒಂದು ವಾರವಾದ ಮೇಲೆ ಅವಳೆದುರು ತೋಳು ಚಾಚಿ ನಿಂತ.

"ನನ್ನ ರಕ್ತ ಅವ್ವಗ ಕೊಡ್ರಿ. ಎಷ್ಟ್ ಬೇಕಾದ್ರೂ ತಗೋರಿ!"

ಅವನ ತಾಯಿ ಅಕ್ಕುತಾಯಿ ಎದೆಯ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದು ಪ್ರಾಜಕ್ತಾಳಿಗೆ ಅವನ ಬಾಯಿಂದ ಗೊತ್ತಾದದ್ದೇ ಆಗ. ಅಯ್ಯೋ... ಎಂಥ ಆಸೆ ಹುಟ್ಟಿಸಿಬಿಟ್ಟೆ ನಾನು!

"ಅದು ಬರೇ ಲ್ಯಾಬಿನ ತಟ್ಟೆಯೊಳಗಿನ ಮಾತುರೀ... ಮನಷ್ಯಾರಿಗೆ ಹಂಗ ಕೊಡಾಕ ಬರಂಗಿಲ್ಲ."

"ನಿಮ್ಮ ಓದಿಗೆ ನನ್ನ ರಕ್ತ ನಡೀತೈತಿ, ನನ್ನವ್ವಗ ನಡಿಯಂಗಿಲ್ಲ?" ಅವನ ಕಣ್ಣು ತುಂಬಿತ್ತು. "ಹೋಗ್ರಿ... ಮತ್ತ ಬರಬ್ಯಾಡ್ರಿ."

ಅವಳು ತಾಲೀಮಿಗೆ ಹೋಗುವುದನ್ನು ಬಿಟ್ಟಳು. ಆದರೆ ಸುರಜ ತಾಲೀಮಿನಲ್ಲಿರುವ ಹೊತ್ತಿಗೆ ಅವನ ಮನೆಗೆ ಹೋಗತೊಡಗಿದಳು. ಮಗನ ಸ್ನಾಯು ದುಡಿದರೆ ತಾಯಿಗೆ ಏನೂ ಸಿಗದು. ತಾಯಿಯ ಸ್ನಾಯುವೇ ದುಡಿಯಬೇಕು. ಡಾಕ್ಟರರ ಒಪ್ಪಿಗೆ ಕೇಳಿ, ಅಕ್ಕುತಾಯಿಗೆ ಹೆಗಲು ಕೊಟ್ಟು ಮಂಚದಿಂದ ಬಾಗಿಲವರೆಗೆ ನಡೆಸುತ್ತಿದ್ದಳು.

ಒಂದು ದಿನ ಸುರಜ ಬೇಗ ಬಂದುಬಿಟ್ಟ.

"ಅವ್ವನ್ನ ಬಿಡ್ರಿ! ಬೀಳ್ತಾಳ!"

"ಸುಮ್ನಿರಲೇ," ಅಕ್ಕುತಾಯಿ ಏದುಸಿರಿನಲ್ಲೇ ಗದರಿದಳು. "ನಿನ್ನ ಬೈಠಕ್ ನಾ ಬಿಡಸೇನೇನು? ನನ್ನ ಸಾಮು ನೀ ಬಿಡಸಬ್ಯಾಡ!"

ಅವನು ತೆಪ್ಪಗೆ ಇನ್ನೊಂದು ಪಕ್ಕ ಹೆಗಲು ಕೊಟ್ಟ. ಪ್ರಾಜಕ್ತಾಳ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ.

ಔಷಧಿಯೂ ನಡೆಯಿತು, ನಡಿಗೆಯೂ ನಡೆಯಿತು. ಆದರೂ ಚಳಿಗಾಲ ಕಳೆಯುವ ಮೊದಲೇ ಅಕ್ಕುತಾಯಿ ಹೋಗಿಬಿಟ್ಟಳು.

ಸುರಜ ತಾಲೀಮಿನ ಕಡೆ ಮುಖ ಹಾಕಲಿಲ್ಲ. ದಿನವಿಡೀ ಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಪ್ರಾಜಕ್ತಾ ಬಂದು ದೂರವೇ ನಿಂತಳು.

"ಆಸೆ ಹಚ್ಚಿದಾಕಿ ನಾ... ಉಳಸಾಕಾಗಲಿಲ್ಲ. ನನ್ನ ಮ್ಯಾಲ ಸಿಟ್ಟೈತೇನ್ರಿ?"

ಅವನು ಇಲ್ಲವೆಂದು ತಲೆಯಲ್ಲಾಡಿಸಿದ. "ಮಗನ ಕೈಲೆ ಎತ್ತಿಸ್ಕೊಳ್ಳಾಕ ಅವ್ವ ನಾಚಕೊಂತಿದ್ಳು. ಕಡೀತನಕ ತನ್ನ ಕಾಲಿಂದ ಬಚ್ಚಲಕ್ಕ ಹೋದ್ಳು... ಅದು ನಿಮ್ಮಿಂದ್ರಿ."

"ತಾಲೀಮಿಗೆ ಯಾಕ ಹೋಗವಲ್ರಿ?"

"ಇನ್ನ ಯಾರ ಸಲುವಾಗಿ ಮೈ ದಣಿಸ್ಲಿ?"

"ನನ್ನ ಸಲುವಾಗಿ..." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನನಗ ನೀವು ಬೇಕ್ರಿ. ಭಾಳ ವರ್ಷ ಬೇಕು."

ಅವನು ತಲೆ ಎತ್ತಿ ಅವಳ ಮುಖ ನೋಡಿದ.

"ಪ್ರಾಜಕ್ತಾ..." ಮೊದಲ ಸಲ ಹೆಸರು ಹಿಡಿದು ಕರೆದ. "ನಾಳೆಯಿಂದ ಹೋಗ್ತೀನಿ. ಇವತ್ತೊಂದಿನ ಅಳ್ಲೇನು?"

ಅವಳು ಮೆಟ್ಟಿಲ ಮೇಲೆ ಅವನ ಪಕ್ಕದಲ್ಲಿ ಕುಳಿತಳು.

"ಅಳ್ರಿ. ನಾನೂ ಅಳ್ತೀನಿ."